ಚಾವಡಿಯ ಗೋಡೆಯಲ್ಲಿದ್ದ ಡಚ್ ಬಂಗಲೆ

ನಾನು ಒಂದು ಪಟ. ಬರೇ ಪಟ ಅಲ್ಲ ಮಾರಾಯ್ರೆ, ಓಕ್ ಮರದ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಡಚ್ ಪಟ. ನಿಮ್ಮ ಮನೆಯ ಕ್ಯಾಲೆಂಡರಿನ ಸಾಲಿಗೆ ನನ್ನನ್ನು ಸೇರಿಸಬೇಡಿ. ಅದನ್ನು ವರ್ಷ ಮುಗಿದ ಕೂಡಲೇ ಹರಿದು ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುತ್ತೀರಿ. ನಾನು ಮುನ್ನೂರು ಚಿಲ್ಲರೆ ವರ್ಷ ಬಾಳಿದ್ದೇನೆ, ಸಮುದ್ರ ದಾಟಿದ್ದೇನೆ, ಒರಲೆ ಹುಳದ ಬಾಯಿಗೆ ಸಿಕ್ಕಿಯೂ ಉಳಿದಿದ್ದೇನೆ.

ನನ್ನನ್ನು ಬರೆಸಿದ್ದು ಒಂದೇ ಒಂದು ಮಾತು ಹೇಳಿಸಲಿಕ್ಕೆ. 'ಈ ನೆಲದ ಒಡೆಯ ನಾನು' ಎನ್ನುವ ಮಾತು. ಬಂಗಲೆ, ತೋಟ, ಹೊಳೆ, ಹಂಸ ಎಲ್ಲ ಆ ಮಾತಿಗೆ ತೊಡಿಸಿದ ಅಲಂಕಾರ. ಇದೇ ಮಾತಿನ ಮೇಲೆ ಬಸ್ರೂರಿನ ಕಡೆಯ ಮುತ್ತು ಪೂಜಾರ್ತಿ ಎಂಬ ಹೆಂಗಸಿನ ಗದ್ದೆ ಉಳಿಯುತ್ತದೋ ಹೋಗುತ್ತದೋ ಎಂಬ ಪ್ರಶ್ನೆ ಬಂತು, ಅದು ನನ್ನ ಕಣ್ಣೆದುರೇ ತೀರ್ಮಾನವಾಯಿತು. ಅದನ್ನು ಹೇಳಲಿಕ್ಕೇ ಬಾಯಿ ತೆರೆದಿದ್ದೇನೆ. ಆದರೆ ಹುಟ್ಟಿನಿಂದ ಶುರು ಮಾಡದಿದ್ದರೆ ನನಗೆ ಸಮಾಧಾನವಿಲ್ಲ, ನೀವು ಸ್ವಲ್ಪ ಸೈರಿಸಿಕೊಳ್ಳಬೇಕು.

ನಾನು ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ, ಹೆರಿಟ್ ಎಂಬ ಚಿತ್ರಕಾರನ ಮಹಡಿಯಲ್ಲಿ. ಹಲಗೆಗೆ ಸುಣ್ಣದ ಪುಡಿ, ಅಂಟು ಬಳಿದು, ಉಜ್ಜಿ ಉಜ್ಜಿ ನುಣ್ಣಗೆ ಮಾಡಿ ಅವನು ಕೆಲಸ ಹಿಡಿದ. ಬೈಯದೆ ಅವನು ಕುಂಚ ಎತ್ತಿದ್ದಿಲ್ಲ. ಬೈಗುಳವೆಲ್ಲ ನನ್ನನ್ನು ಬರೆಸಿದ ಯೂಸ್ಟ್‌ನಿಗೆ. ಯೂಸ್ಟ್ ಒಳ್ಳೆಮೆಣಸಿನ, ಎಂದರೆ ಕರಿಮೆಣಸಿನ ವ್ಯಾಪಾರಿ. ಅವನ ಅಪ್ಪ ಹೆಗಲ ಮೇಲೆ ಪೀಪಾಯಿ ಹೊತ್ತವನು. ಮಗನ ಕೈಯಲ್ಲಿ ಕಾಸು ಓಡಾಡಿದ್ದೇ ಫೆಕ್ಟ್ ಎಂಬ ಹೊಳೆಯ ದಂಡೆಯಲ್ಲಿ ಬಂಗಲೆ ಕಟ್ಟಿಸಿದ. ಅದರ ಪಟ ಬರೆಸಿ ಊರಿನ ಮನೆಯಲ್ಲಿ ತೂಗುಹಾಕದೆ ಹೋದರೆ ಕಟ್ಟಿಸಿ ಏನು ಬಂತು?

ಯೂಸ್ಟ್ ದಿನಾ ಬಂದು ನಿಂತು ಹೇಳುವುದು, ಹೆರಿಟ್ ಗೊಣಗುತ್ತ ಬರೆಯುವುದು. ಗೇಟಿನಿಂದ ಬಂಗಲೆಯ ಬಾಗಿಲಿಗೆ ನೂಲು ಹಿಡಿದ ಹಾಗೆ ನೆಟ್ಟಗೆ ದಾರಿ. ನೋಡುವವನ ಕಣ್ಣು ಬೇರೆಲ್ಲಿಗೂ ಹೋಗಬಾರದು, ಸೀದಾ ಯಜಮಾನನ ಬಾಗಿಲಿಗೇ ಬರಬೇಕು. ದಾರಿಯ ಎರಡೂ ಬದಿಗೆ ಎತ್ತರದ ಮರಗಳು. ನಿಜ ಹೇಳುತ್ತೇನೆ ಕೇಳಿ, ಆಗ ಅವು ಮೊಣಕಾಲೆತ್ತರದ ಸಸಿಗಳು! ಹಳೆ ಮರ ಇದ್ದವನು ಹಳೆ ಮನೆತನದವನು ಅಂತ ಅಲ್ಲಿಯ ಲೆಕ್ಕಾಚಾರ, ಅದಕ್ಕೆ ಹೆರಿಟ್ ಸಸಿಗಳಿಗೆ ನನ್ನ ಮೇಲೆ ರಾತ್ರೋರಾತ್ರಿ ಹರೆಯ ಬರಿಸಿಬಿಟ್ಟ.

ಆಮೇಲೆ ಬಂತು ನಾಯಿಯ ವಿಷಯ. ಯೂಸ್ಟ್‌ಗೆ ಬೇಟೆನಾಯಿಗಳು ಬೇಕು. ಆ ದೇಶದಲ್ಲಿ ಬೇಟೆಯಾಡುವ ಹಕ್ಕು ಹುಟ್ಟಾ ಸರದಾರರದ್ದು, ವ್ಯಾಪಾರಿಯದ್ದಲ್ಲ. ಹೆರಿಟ್ ಬೇಡ ಅಂದ. ಇವನು ಕೇಳಬೇಕಲ್ಲ! ಕೊನೆಗೆ ಎರಡು ನಾಯಿ ಬಂದವು. ಪಟ ತೂಗುಹಾಕಿದ ದಿನ ನೆರೆಯ ಸರದಾರನೊಬ್ಬ ಊಟಕ್ಕೆ ಬಂದು ನನ್ನನ್ನು ನೋಡಿ, "ಚೆಂದದ ನಾಯಿಗಳು. ಎಲ್ಲಿ ಕಟ್ಟಿದ್ದೀರಿ? ಬೊಗಳಿದ್ದು ಕೇಳಲೇ ಇಲ್ಲ" ಎಂದ. ಊಟಕ್ಕೆ ಕುಳಿತವರೆಲ್ಲ ನಕ್ಕರು. ಯೂಸ್ಟ್‌ನ ಮುಖ ಕುದಿಸಿದ ಏಡಿಯ ಬಣ್ಣಕ್ಕೆ ತಿರುಗಿತು. ನನಗೆ ಅವನ ಮೇಲೆ ಅಯ್ಯೋ ಪಾಪ ಅನ್ನಿಸಿತು.

ಇನ್ನು ಎಡಗಡೆಯ ಕೆಳಮೂಲೆ. ಅದನ್ನು ಹೆರಿಟ್ ಯಾರೂ ಹೇಳದೆ ಬರೆದ. ಒಂದು ಹುಲ್ಲಿನ ಗುಡಿಸಲು, ಮಾಡಿನಿಂದ ಹೊಗೆ, ಬುಟ್ಟಿಯಲ್ಲಿ ಕೋಳಿ ಹೊತ್ತು ಗೇಟಿನ ಕಡೆಗೆ ಹೊರಟ ಒಬ್ಬ ಬಡವ. ಬಡವನ ಎತ್ತರ ಬಾಗಿಲೆದುರು ನಿಲ್ಲಿಸಿ ಬರೆದ ಯಜಮಾನನ ಕುದುರೆಯ ಮೊಣಕಾಲಿನಷ್ಟು. "ಇವನು ಯಾಕೆ?" ಎಂದು ಯೂಸ್ಟ್ ಕೇಳಿದ. "ಗುಡಿಸಲು ಇಲ್ಲದಿದ್ದರೆ ಬಂಗಲೆ ದೊಡ್ಡದಾಗಿ ಕಾಣುವುದಿಲ್ಲ. ಕೋಳಿ ತಂದು ಒಪ್ಪಿಸುವವನು ಇಲ್ಲದಿದ್ದರೆ ನೀವು ಒಡೆಯರು ಅಂತ ಯಾರಿಗೆ ಗೊತ್ತಾಗಬೇಕು?" ಎಂದ ಹೆರಿಟ್. ಯೂಸ್ಟ್‌ಗೆ ಬಹಳ ಸಂತೋಷವಾಯಿತು.

ಯೂಸ್ಟ್ ಸತ್ತ ಮೇಲೆ ಅವನ ಮಗ ಕೊರ್ನೆಲಿಸ್ ಡಚ್ ಕಂಪನಿಯ ಹಡಗು ಹತ್ತಿ ಕೊಚ್ಚಿಗೆ ಬಂದ. ತಾನೂ ಕುಲವಂತರ ಮನೆಯವನೇ ಎಂದು ಪರದೇಶದಲ್ಲಿ ತೋರಿಸಲಿಕ್ಕೆ ನನ್ನನ್ನು ಕಂಬಳಿಯಲ್ಲಿ ಸುತ್ತಿ ತಂದ. ಅಲ್ಲಿಂದ ಅಕ್ಕಿ ಕೊಳ್ಳಲು ಬಸ್ರೂರಿಗೆ. ಅಲ್ಲಿಯ ಹೊಳೆಬದಿಯ ಮೂಡುಹಿತ್ಲು ಮನೆಯ ಹೆಗ್ಡೆಯವರು ಅವನಿಗೆ ಜ್ವರ ಬಂದು ಮಲಗಿದಾಗ ಗಂಜಿ, ಕಷಾಯ ಕೊಟ್ಟು ಬದುಕಿಸಿದರು. ಹೊರಡುವಾಗ ಅವನು ಕಣ್ಣಲ್ಲಿ ನೀರು ತಂದುಕೊಂಡು ನನ್ನನ್ನು ಅವರ ಕೈಗಿಟ್ಟ. ಹಾಗೆ ನಾನು ಮೂಡುಹಿತ್ಲು ಚಾವಡಿಯ ಗೋಡೆ ಏರಿದೆ.

ಅಲ್ಲಿಯ ಹೆಂಗಸರು ನನ್ನನ್ನು ಮೊದಲ ಸಲ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಒಬ್ಬ ಅಜ್ಜಿ ಮೂಗಿನ ಮೇಲೆ ಬೆರಳಿಟ್ಟು, "ಇಷ್ಟ್ ದೊಡ್ಡ ಮನೆ, ಅಂಗಳದಗೆ ಒಂದ್ ತುಳಸಿಕಟ್ಟೆ ಇಲ್ಲ, ಒಂದ್ ತೆಂಗಿನ ಮರ ಇಲ್ಲ. ಪಾಪ, ಎಂತ ಉಂಬೂದ್ ಇವ್ರ್?" ಎಂದರು. ದೀಪಾವಳಿಗೆ ಮನೆ ಗುಡಿಸಿ ಸಾರಿಸುವಾಗ ನಾನು ಹೊಳೆಯಲಿ ಎಂದು ಮೈತುಂಬ ತೆಂಗಿನೆಣ್ಣೆ ಹಚ್ಚಿದರು! ಅಯ್ಯೋ ದೇವರೆ! ಹೆರಿಟ್ ಕಂಡಿದ್ದರೆ ಎದೆ ಒಡೆದು ಸಾಯುತ್ತಿದ್ದ. ವರ್ಷಾವರ್ಷ ಎಣ್ಣೆ, ಮೇಲಿಂದ ದೀಪದ ಹೊಗೆ. ನನ್ನ ಹಾಲುಬಿಳಿ ಹಂಸ ಕಡೆಗೆ ನೀರುಕಾಗೆಯಾಯಿತು.

ನನ್ನೊಳಗಿನ ಸಂಕೇತ ಒಂದೂ ಅವರಿಗೆ ತಿಳಿಯಲಿಲ್ಲ. ನೆಟ್ಟಗಿನ ದಾರಿ ಕಂಡು 'ಕಂಬಳದ ಕೋಣ ಓಡಿಸುವ ಕರೆ ಇರಬೇಕು' ಎಂದರು. ಬೇಟೆನಾಯಿಗಳನ್ನು ಕರುಗಳೆಂದರು. ಆದರೆ ಆ ಮೂಲೆಯ ಬಡವನನ್ನು ಮಾತ್ರ ಒಬ್ಬರೂ ತಪ್ಪು ತಿಳಿಯಲಿಲ್ಲ. "ಇಂವ ಒಕ್ಕಲು. ಗೇಣಿ ತಕಂಡ್ ಬಪ್ದ್" ಎಂದು ಸಣ್ಣ ಮಕ್ಕಳೂ ಬೆರಳು ಮಾಡಿ ಹೇಳುತ್ತಿದ್ದರು. ಭಾಷೆ ಬೇರೆ, ಬಟ್ಟೆ ಬೇರೆ, ದೇಶವೇ ಬೇರೆ. ಆದರೂ ಯಾರು ಯಾರಿಗೆ ಹೊರುತ್ತಾರೆ ಎನ್ನುವುದು ಎಲ್ಲರಿಗೂ ತಟ್ಟನೆ ಗೊತ್ತಾಗುತ್ತಿತ್ತು.

ಗೊತ್ತಾಗದೆ ಏನು? ಅದೇ ಆಟ ಆ ಮನೆಯ ಅಂಗಳದಲ್ಲಿಯೂ ನಡೆಯುತ್ತಿತ್ತಲ್ಲ. ಕೊಯ್ಲು ಮುಗಿದ ಮೇಲೆ ಒಕ್ಕಲುಗಳು ಅಕ್ಕಿಮುಡಿ ಹೊತ್ತು ಬರುವರು. ಮುಡಿ ಎಂದರೆ ಒಣಹುಲ್ಲಿನಲ್ಲಿ ಅಕ್ಕಿ ತುಂಬಿ ಹಗ್ಗದಿಂದ ಬಿಗಿದ ದುಂಡನೆಯ ಮೂಟೆ. ಅದನ್ನು ಅಂಗಳದಲ್ಲಿ ಇಳಿಸಿ ನಿಲ್ಲಬೇಕು, ಚಾವಡಿಯ ಮೆಟ್ಟಿಲು ಹತ್ತುವಂತಿಲ್ಲ. ಒಡೆಯರು ಜಗಲಿಯ ಅಂಚಿನಲ್ಲಿ ವೀಳ್ಯ ಇಡುವರು, ಇವರು ಅದನ್ನು ತೆಗೆದುಕೊಂಡು ಹೋಗುವರು. ಅಂಗಳದಿಂದಲೇ ಕತ್ತು ಉದ್ದ ಮಾಡಿ ನನ್ನನ್ನು ನೋಡುತ್ತಿದ್ದರು, ಪಾಪ.

ಹೀಗೆ ತಲೆಮಾರು ಕಳೆದು ಅಣ್ಣಪ್ಪ ಹೆಗ್ಡೆಯವರ ಯಜಮಾನಿಕೆ ಬಂತು. ಎತ್ತರದ ಆಳು, ದೊಡ್ಡ ದನಿ, ಬಂದವರಿಗೆ ಊಟ ಹಾಕದೆ ಕಳಿಸಿದವರಲ್ಲ. ಬಂದವರನ್ನು ಮೊದಲು ನನ್ನೆದುರು ನಿಲ್ಲಿಸಿ ಡಚ್ಚರ ಕಥೆ ಹೇಳುವುದು ಅವರ ಪದ್ಧತಿ. ಹೇಳಿ ಹೇಳಿ ಒಂದು ದಿನ ಅವರಿಗೆ ಅನ್ನಿಸಿತು: ಯಾವನೋ ಪರದೇಶಿಯ ಬಂಗಲೆ ನಮ್ಮ ಗೋಡೆಯಲ್ಲಿ, ನಮ್ಮ ಮನೆಯ ಪಟ ಎಲ್ಲಿಯೂ ಇಲ್ಲ. ಇದೆಂತ ನ್ಯಾಯ? ಕೂಡಲೇ ಪರದೆ ಪದ್ದಣ್ಣನಿಗೆ ಬುಲಾವ್ ಹೋಯಿತು.

ಪದ್ದಣ್ಣ ನಾಟಕ ಕಂಪನಿಗಳಿಗೆ ಪರದೆ ಬರೆಯುವವನು. ಅರಮನೆ, ಕಾಡು, ಬೀದಿ, ಈ ಮೂರನ್ನು ಕಣ್ಣು ಮುಚ್ಚಿ ಬರೆಯುತ್ತಿದ್ದ. ಅವನು ನನ್ನೆದುರು ಕುಕ್ಕರುಗಾಲಲ್ಲಿ ಕುಳಿತು ಬೆಳಗಿನಿಂದ ಊಟದ ಹೊತ್ತಿನವರೆಗೆ ನೋಡಿದ. ನನಗೆ ಹೆಮ್ಮೆಯಾಯಿತು, ಹೆರಿಟ್ ಬಿಟ್ಟರೆ ನನ್ನನ್ನು ಅಷ್ಟು ಹೊತ್ತು ನೋಡಿದವರೇ ಇಲ್ಲ.

"ಹೆಗ್ಡೇರೆ, ಈ ಮೂಲೆ ಕಾಣಿ," ಎಂದ ಪದ್ದಣ್ಣ. "ಇಂವ ಇಪ್ದ್‌ರಿಂದ್ಲೇ ಆ ಮನೆಗೆ ಗತ್ತು. ನಮ್ಮ ಪಟಕ್ಕೂ ಹಾಂಗೇ ಒಬ್ರ್ ಬೇಕ್."

"ಅದಕ್ಕೆಂತ ಬರಗಾಲ? ಮುತ್ತುನ್ನ ಬರಿ," ಎಂದರು ಹೆಗ್ಡೆಯವರು. "ಗೇಣಿ ಮುಡಿ ಹೊತ್ಕಂಡ್ ಬಪ್ಪು ಹಾಂಗೆ."

ಮುತ್ತು ಪೂಜಾರ್ತಿ ಹೊಳೆಯ ಆಚೆ ದಡದಲ್ಲಿದ್ದ ಹೊಳೆಬದಿ ಗದ್ದೆಯ ಒಕ್ಕಲು. ಗಂಡ ತೀರಿಹೋದ ಮೇಲೆ ತಾನೇ ಕೆಸರಿಗಿಳಿದು ಬೇಸಾಯ ಮಾಡಿ, ಗಂಡಸರ ಹಾಗೆ ತಲೆಯ ಮೇಲೆ ಮುಡಿ ಹೊತ್ತು ತರುತ್ತಿದ್ದವಳು. ಅವಳು ಗೇಣಿ ತಂದ ದಿನ ಪದ್ದಣ್ಣ ಜಗಲಿಯಲ್ಲಿ ಕುಳಿತು ಅವಳನ್ನು ಗೀಚಿಕೊಂಡ. ಆಮೇಲೆ ಅವನಿಗೂ ಆಸೆ ಹುಟ್ಟಿತು, "ಅಂಗಳದಗೆ ಒಂದ್ ಮೋಟಾರು ಕಾರ್ ಹಾಕ್ಲಾ?" ಎಂದ. ಹೆಗ್ಡೆಯವರು ಕಣ್ಣು ಕೆಂಪು ಮಾಡಿದರು. "ಇಲ್ಲದ್ದ್ ಬರೀಬೇಡ. ಇದ್ದದ್ದೇ ನಮ್ಮಲ್ ಬೇಕಾದಷ್ಟ್ ಇತ್ತ್."

ಪಟ ಮುಗಿದು ನನ್ನ ಪಕ್ಕದಲ್ಲಿಯೇ ಏರಿತು. ಅದರ ಆಕಾಶ ನಾಟಕದ ಆಕಾಶ, ಮೋಡ ಹತ್ತಿಯ ಮೋಡ, ಒಪ್ಪುತ್ತೇನೆ. ನಡುವೆ ಮೂಡುಹಿತ್ಲು ಮನೆ, ಎದುರಿಗೆ ರುಮಾಲು ಸುತ್ತಿ ನಿಂತ ಹೆಗ್ಡೆಯವರು. ಕೆಳಗೆ ಹೊಳೆಬದಿ ಗದ್ದೆ, ಗುಡಿಸಲು, ತಲೆಯ ಮೇಲೆ ಮುಡಿ ಹೊತ್ತ ಮುತ್ತು. ಮುತ್ತು ಮಾತ್ರ ಅದರಲ್ಲಿ ತನ್ನನ್ನು ಕಂಡಿರಲಿಲ್ಲ. ಮೆಟ್ಟಿಲು ಹತ್ತದೆ ಅಷ್ಟು ಸಣ್ಣ ಚಿತ್ರ ಕಾಣುವುದು ಹೇಗೆ?

ಕಾಲ ತಿರುಗಿತು. 'ಉಳುವವನೇ ಹೊಲದೊಡೆಯ' ಎಂಬ ಕಾನೂನು ಬಂತು. ಊರಲ್ಲಿ ಎಲ್ಲರ ಬಾಯಲ್ಲೂ ಡಿಕ್ಲರೇಶನ್ ಎಂಬ ಒಂದೇ ಮಾತು. ಗೇಣಿ ಕೊಡುತ್ತ ಬಂದ ಒಕ್ಕಲು ಭೂನ್ಯಾಯ ಮಂಡಳಿಗೆ ಆ ಅರ್ಜಿ ಹಾಕಿದರೆ ಗದ್ದೆ ಅವನದ್ದೇ. ಕೂಲಿಗೆ ಬಂದವನಾದರೆ ಇಲ್ಲ. ಮುತ್ತುವೂ ಹಾಕಿದಳು. ಹೆಗ್ಡೆಯವರು ಸಿಡಿದೆದ್ದರು. "ನಮ್ಮ ಅನ್ನ ತಿಂದ್ ನಮಗೇ ಡಿಕ್ಲರೇಶನ್ನಾ?" ಎಂದವರೇ ವಕೀಲರನ್ನು ಹಿಡಿದು, 'ಅವಳು ಒಕ್ಕಲಲ್ಲ, ದಿನಗೂಲಿಗೆ ಬರುವವಳು' ಎಂದು ಹೇಳಿಸಿದರು. ಗೇಣಿಗೆ ರಶೀದಿ ಕೊಡುವ ಪದ್ಧತಿ ಆ ಮನೆಯಲ್ಲಿ ಇರಲೇ ಇಲ್ಲ, ಎಲ್ಲ ಬಾಯಿಮಾತು. ಊರಿಗೆಲ್ಲ ನಿಜ ಗೊತ್ತು. ಹೆಗ್ಡೆಯವರ ಎದುರು ನಿಂತು ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಮಂಡಳಿಯವರು ಸ್ಥಳ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಹೆಗ್ಡೆಯವರ ತಂಗಿ ಜಲಜಕ್ಕ ಚಾವಡಿಗೆ ಬಂದರು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಮನೆ, ಒಳಗಿನ ಕೀಲಿಕೈ ಅವರ ಸೊಂಟದಲ್ಲಿ, ಬುದ್ಧಿಯೂ ಅಣ್ಣನಿಗಿಂತ ಒಂದು ಹಿಡಿ ಹೆಚ್ಚು.

"ಅಣ್ಣಯ್ಯ, ಆ ಪಟ ತೆಗ್ದ್ ಒಳಗಿಡು. ಮುತ್ತು ಮುಡಿ ಹೊತ್ಕಂಡ್ ನಿಂತಿತ್ತ್ ಅದ್ರಗೆ."

"ಪಟ ತೆಗ್ದ್ರೆ ಗೋಡೆ ಬೋಳು. ಸಾಹೇಬ್ರ್ ಬಪ್ಪುವತ್ತಿಗೆ ಬೋಳು ಗೋಡೆ ತೋರ್ಸೂದಾ? ಮೂಡುಹಿತ್ಲು ಮನಿ ಮುಗೀತ್ ಅಂದ್ಕಂಬುದಿಲ್ಯಾ?"

"ಗೋಡೆ ಬೋಳಾದ್ರೆ ಆಯ್ತ್. ಗದ್ದೆ ಹೋದ್ರೆ?"

ಹೆಗ್ಡೆಯವರು ಪಟ ತೆಗೆಸಲಿಲ್ಲ. ನನಗೆ ಗಂಟಲು ಇದ್ದಿದ್ದರೆ ಜಲಜಕ್ಕನಿಗೆ ಹೇಳುತ್ತಿದ್ದೆ: ಅಕ್ಕಾ, ಇಂಥವರನ್ನು ನಾನು ಮೊದಲೂ ಕಂಡಿದ್ದೇನೆ, ಇವರು ಅಂಗಿ ಬಿಚ್ಚಿಯಾರು, ಪಟ ಇಳಿಸಲಿಕ್ಕಿಲ್ಲ.

ಮಂಡಳಿಯವರು ಬಂದರು. ಅಧಿಕಾರಿ ಮೈಸೂರಿನ ಕಡೆಯವರು, ಕನ್ನಡಕದ ಶಾಂತ ಮನುಷ್ಯ. ಜೊತೆಗೆ ಸದಸ್ಯರು, ಗುಮಾಸ್ತ, ಹೆಗ್ಡೆಯವರ ವಕೀಲರು. ಮುತ್ತು ಅಭ್ಯಾಸದಂತೆ ಅಂಗಳದಲ್ಲಿಯೇ ನಿಂತಳು. "ಅಲ್ಲಿ ಯಾಕೆ ಬಿಸಿಲಲ್ಲಿ ನಿಂತಿದೀಯಮ್ಮಾ? ಮೇಲೆ ಬಾ" ಎಂದರು ಅಧಿಕಾರಿ. ಅವಳು ಹೆಗ್ಡೆಯವರ ಮುಖ ನೋಡಿದಳು. ಅವರು ಮುಖ ತಿರುಗಿಸಿದರು. ಅವಳು ಕಾಲನ್ನು ಸೆರಗಿನ ತುದಿಯಿಂದ ಒರೆಸಿಕೊಂಡು ಮೆಟ್ಟಿಲು ಹತ್ತಿ ಬಂದು ಕಂಬಕ್ಕೆ ಅಂಟಿ ನಿಂತಳು.

ಎಳನೀರು ಬಂತು. ಹೆಗ್ಡೆಯವರಿಗೆ ತಡೆಯಲಾಗಲಿಲ್ಲ. ಎದ್ದು ಅಧಿಕಾರಿಯನ್ನು ನನ್ನೆದುರು ನಿಲ್ಲಿಸಿಯೇಬಿಟ್ಟರು. ಡಚ್ಚರು, ಹಡಗು, ಜ್ವರ, ಗಂಜಿ, ಎಲ್ಲವನ್ನೂ ಹೇಳಿದರು. ಅಧಿಕಾರಿ ನನ್ನನ್ನು ಚೆನ್ನಾಗಿ ನೋಡಿದರು, ಆಮೇಲೆ ಪಕ್ಕದ ಪಟವನ್ನು ನೋಡಿದರು. ಬಾಗಿ ಆ ಮೂಲೆಯನ್ನು ನೋಡಿದರು.

"ಈ ಹೆಂಗಸು ಯಾರು ಹೆಗ್ಡೆಯವರೆ?"

ಬಾಗಿಲ ಹಿಂದೆ ಜಲಜಕ್ಕನ ಬಳೆ ಒಮ್ಮೆ ಕಿಣಿ ಅಂದಿತು. ವಕೀಲರು ಚುರುಕಾಗಿ, "ಅದೆಲ್ಲ ಚಿತ್ರಗಾರನ ಕಲ್ಪನೆ ಸಾರ್. ಚಂದಕ್ಕೆ ಸೇರಿಸಿದ್ದು," ಎಂದರು.

"ಹೌದಾ? ಕಲ್ಪನೇನಾ?" ಎಂದು ಅಧಿಕಾರಿ ಹೆಗ್ಡೆಯವರನ್ನೇ ಕೇಳಿದರು.

'ಹೌದು' ಎಂಬ ಒಂದು ಮಾತು ಸಾಕಿತ್ತು. ಗದ್ದೆ ಅವರಿಗೇ ಉಳಿಯುತ್ತಿತ್ತು. ಆದರೆ ಆ ಮುಡಿ ಸುಳ್ಳಾದರೆ ಅದನ್ನು ಪಡೆಯುವ ಒಡೆಯನೂ ಸುಳ್ಳು. ಆ ಹೆಂಗಸನ್ನು ಪಟದಿಂದ ತೆಗೆದರೆ ರುಮಾಲು ಸುತ್ತಿ ನಿಂತವನು ಯಾರಿಗೆ ಯಜಮಾನ? ಅಣ್ಣಪ್ಪ ಹೆಗ್ಡೆಯವರು ನನ್ನನ್ನೊಮ್ಮೆ ನೋಡಿದರು, ತಮ್ಮ ಪಟವನ್ನೊಮ್ಮೆ ನೋಡಿದರು. ಅವರ ಬೆನ್ನು ನೆಟ್ಟಗಾಯಿತು.

"ಮೂಡುಹಿತ್ಲು ಚಾವಡಿಯಲ್ಲಿ ಸುಳ್ಳು ಪಟ ತೂಗುಹಾಕುವ ಪದ್ಧತಿ ಇಲ್ಲ," ಎಂದರು. "ಅದು ಮುತ್ತು. ಹೊಳೆಬದಿ ಗದ್ದೆಯ ಒಕ್ಕಲು. ಹೊತ್ತದ್ದು ಗೇಣಿ ಮುಡಿ."

ವಕೀಲರು ಹಣೆ ಚಚ್ಚಿಕೊಂಡರು. ಗುಮಾಸ್ತ ಬರೆದುಕೊಂಡ. ಮುತ್ತು ಕಂಬ ಹಿಡಿದುಕೊಂಡೇ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಮೈಮೇಲೆ ಸಸಿ ಮರವಾಗಿದೆ, ಇಲ್ಲದ ನಾಯಿ ಓಡುತ್ತಿದೆ. ಪಕ್ಕದ ಆ ಒರಟು ಪಟ ಇದ್ದದ್ದನ್ನೇ ತೋರಿಸಿ ಒಬ್ಬಳಿಗೆ ಗದ್ದೆ ಕೊಡಿಸಿತಲ್ಲ! ಆ ದಿನದಿಂದ ಅದರ ಹತ್ತಿಯ ಮೋಡಗಳನ್ನು ನಾನು ಆಡಿಕೊಳ್ಳುವುದು ಬಿಟ್ಟೆ.

ಎಲ್ಲರೂ ಹೋದ ಮೇಲೆ ಹೆಗ್ಡೆಯವರು, "ಗದ್ದೆ ಹೋದ್ರೆ ಹೋಯ್ತ್, ನಮ್ಮ ಬಾಯಗೆ ಸುಳ್ಳ್ ಬರ್ಲಿಲ್ಲ," ಎಂದರು. ಜಲಜಕ್ಕ ಎಳನೀರಿನ ಲೋಟ ಒಟ್ಟು ಮಾಡುತ್ತ, "ಕೂಲಿ ಅಂತ ಮೊದ್ಲ್ ಹೇಳ್ಸದ್ದ್ ಎಂತದ್ ಹಂಗಾರೆ?" ಎಂದರು. ಲೋಟ ತೆಗೆದುಕೊಂಡು ಅವರು ಒಳಗೆ ಹೋದರು.

ಆಮೇಲೆ ಹೆಗ್ಡೆಯವರಿಗೆ ಆ ಪಟ ಕಂಡರಾಗದು. ಎರಡೂ ಪಟಗಳನ್ನು ಇಳಿಸಿ ಪದ್ದಣ್ಣನ ಅಂಗಡಿಗೆ ಕಳಿಸಿದರು. ನನ್ನ ಮೂಲೆಯನ್ನು ಒರಲೆ ತಿಂದಿತ್ತು, ಅದನ್ನು ಸರಿ ಮಾಡಬೇಕು. ಇನ್ನೊಂದರಲ್ಲಿ ಮುತ್ತುವನ್ನು ಅಳಿಸಿ ತೆಂಗಿನ ಮರ ಬರೆಯಬೇಕು. ಪದ್ದಣ್ಣ 'ಆಯ್ತ್ ಹೆಗ್ಡೇರೆ' ಎಂದ. ಇವತ್ತು, ನಾಳೆ ಎನ್ನುತ್ತ ಕುಂಚ ಮುಟ್ಟಲೇ ಇಲ್ಲ. ಹೆಗ್ಡೆಯವರು ತೀರಿಕೊಂಡರು, ಮನೆ ಪಾಲಾಯಿತು, ನಮ್ಮನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನಾವಿಬ್ಬರೂ ಈಗ ಅವನ ಅಂಗಡಿಯ ಗೋಡೆಗೆ ಒರಗಿ ಕುಳಿತಿದ್ದೇವೆ, ನಾಟಕದ ಮಡಿಚಿದ ಪರದೆಗಳ ನಡುವೆ.

ಇಲ್ಲಿ ನನಗೆ ಏನೂ ಕೊರತೆಯಿಲ್ಲ. ಎಣ್ಣೆ ಹಚ್ಚುವವರಿಲ್ಲ, ಕಥೆ ಕಟ್ಟುವವರಿಲ್ಲ. ಈಚೆಗೆ ಕಾಲೇಜಿನ ಮೇಷ್ಟ್ರೊಬ್ಬರು ಬಂದು ನನ್ನಲ್ಲಿ ಡಚ್ಚರ ನೆಮ್ಮದಿ, ಪ್ರಕೃತಿಪ್ರೇಮ ಎಲ್ಲ ಇದೆ ಎಂದರು. ಇರಲಿ ಬಿಡಿ, ಅವರ ಬಾಯಿಗೆ ಸಕ್ಕರೆ ಹಾಕ. ನನಗೆ ನನ್ನ ವಿಷಯ ಗೊತ್ತು. ಪ್ರಕೃತಿಯ ಮೇಲಿನ ಪ್ರೀತಿಗೆ ಯಾರೂ ಗೇಟಿನ ಸಮೇತ ಪಟ ಬರೆಸುವುದಿಲ್ಲ. ಇಂಥ ಪಟ ನೋಡುವಾಗ ಬಂಗಲೆ ಆಮೇಲೆ ನೋಡಿ, ಚಿತ್ರಕಾರ ಯಾರ ಜಗಲಿಯಲ್ಲಿ ನಿಂತು ಬರೆದ ಎಂದು ಮೊದಲು ಕೇಳಿ.

ಮೊನ್ನೆ ಮುತ್ತು ಪೂಜಾರ್ತಿ ಅಂಗಡಿಗೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿದೆ, ನಡಿಗೆ ಮಾತ್ರ ಬಿರುಸು. ಹೊಳೆಬದಿ ಗದ್ದೆಯ ಮೇಲ್ಗಡೆ ಹೆಂಚಿನ ಮನೆ ಕಟ್ಟಿಸಿದ್ದಾಳಂತೆ. ಮೊದಲು ಪದ್ದಣ್ಣ ಬರೆದ ಆ ಪಟದ ಹತ್ತಿರ ಬಗ್ಗಿ ನೋಡಿದಳು.

"ಇದ್ ನಾನಾ? ಅಯ್ಯಬ್ಯಾ! ಇರುವೆ ಅಂದ್ಕಂಡೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸ್ಟೂಲು ಎಳೆದು ಗಟ್ಟಿಯಾಗಿ ಕೂತು, "ನನ್ನ ಮನೀದ್ ಒಂದ್ ಪಟ ಬರ್ದ್ ಕೊಡ್ ಪದ್ದಣ್ಣ. ನಡುವೆ ಮನಿ. ಜಗಲಿ ಮೇಲೆ ನಾನ್ ಕೂಕಂಡದ್ದ್. ತಲೆ ಮೇಲೆ ಎಂತದೂ ಬೇಡ."

"ಆಯ್ತ್ ಮುತ್ತಕ್ಕ. ಆಚೆ ದಡದಗೆ ಹೆಗ್ಡೇರ ಮನಿ ಕಾಣತ್ತಲೆ, ಅದನ್ನ ಬಿಡೂದಾ?"

"ಬಿಡೂದ್ ಎಂತಕೆ? ಬರಿ. ಆ ಮೂಲೆಯಗೆ, ಹೆಬ್ಬೆರಳ ಉಗುರಷ್ಟ್."

ಪದ್ದಣ್ಣ ಗಾಬರಿಯಾದ. "ಅಷ್ಟ್ ಸಣ್ಣ ಮಾಡ್ರೆ ಆ ಮನಿಯವ್ರ್ ಕಂಡ್ರೆ ಎಂತ ಹೇಳ್ತ್ರೊ!"

"ಸಣ್ಣ ಮಾಡ್ ಅಂತ ನಾ ಎಲ್ ಹೇಳ್ದೆ ಮಾರಾಯ? ನನ್ನ ಜಗಲಿ ಮೇಲೆ ಬಂದ್ ನಿಂತ್ಕಂಡ್ ಕಾಣ್. ಅದ್ ಅಷ್ಟೇ ಕಾಂಬುದು."